ಕೃತಕ ಬುದ್ಧಿಯ ಕಾಲದಲ್ಲಿ ಬಾಲಿಕೆಯರ ರಕ್ಷಣೆ

ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಸಂತೋಷದ ಸಂಗತಿಗಳಿಗೆ ಸ್ಥಳವನ್ನು ಮೀಸಲಿಡುವುದು ವಾಡಿಕೆ. ಪರೀಕ್ಷೆಯ ಫಲಿತಾಂಶ, ಆಟಗಳಲ್ಲಿ ಗೆದ್ದ ಬಹುಮಾನ, ಹಳೆಯ ವಿದ್ಯಾರ್ಥಿನಿಯರ ಪತ್ರ ಇವುಗಳ ನಡುವೆ ಕಾಯಿದೆಯ ಮಾತನ್ನೂ ಅಪರಾಧದ ಮಾತನ್ನೂ ತರುವುದು ಕೆಲವರಿಗೆ ಸರಿತೋರದಿರಬಹುದು. ಆದರೂ ಈ ಪುಟಗಳನ್ನು ಓದುವವರಲ್ಲಿ ಹೆಚ್ಚಿನವರು ಯಾರು? ಹಿಂದೆ ನಮ್ಮ ಬೆಂಚುಗಳ ಮೇಲೆ ಕುಳಿತು ಪಾಠವನ್ನೋದಿದ ಬಾಲಿಕೆಯರು. ಇಂದು ತಾವೇ ತಾಯಂದಿರಾಗಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವವರು. ಅವರೊಡನೆಯೂ, ನಮ್ಮಲ್ಲಿ ವಿಶ್ವಾಸವಿಟ್ಟು ಮಕ್ಕಳನ್ನು ಒಪ್ಪಿಸಿರುವ ತಂದೆತಾಯಿಗಳೊಡನೆಯೂ ಮನಸ್ಸು ಬಿಚ್ಚಿ ಮಾತನಾಡುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವು ನಮಗೆ ಬೇರೊಂದಿಲ್ಲ. ಆದಕಾರಣ, ಕೃತಕ ಬುದ್ಧಿಯೆಂಬ ಹೊಸ ಯಂತ್ರಶಕ್ತಿಯಿಂದ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಒದಗುತ್ತಿರುವ ಕೇಡನ್ನೂ ಅದನ್ನು ತಡೆಯಲು ಇರುವ ಶಾಸನಗಳನ್ನೂ ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತೇವೆ.

ಹೇಳಬೇಕಾದುದನ್ನು ಮೊದಲೇ ಸಂಕ್ಷೇಪವಾಗಿ ಹೇಳಿಬಿಡುವೆವು. ಕೇಡು ಮಾಡಿದವನನ್ನು ದಂಡಿಸುವ ಶಾಸನಗಳು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಇವೆ. ಕೇಡಿಗೆ ಸಾಧನವಾದ ಯಂತ್ರವನ್ನು ಮಾಡಿ ಹರಡುವವನಿಗೆ ಮುಂಚೆಯೇ ಹೊಣೆ ಹೊರಿಸುವ ಶಾಸನವು ಇನ್ನೂ ಸಾಲದು, ಅದು ಬೇಕು. ಆದರೆ ಇವೆರಡಕ್ಕೂ ಮಿಗಿಲಾದುದೊಂದುಂಟು. ನೊಂದ ಹುಡುಗಿಯು ತನ್ನ ಮನೆಯಲ್ಲಿ ಬಾಯಿಬಿಟ್ಟು ಹೇಳಲಾರದೆ ಹೋದರೆ, ಎಷ್ಟು ಒಳ್ಳೆಯ ಶಾಸನವಾದರೂ ಪುಸ್ತಕದಲ್ಲಿಯೇ ಉಳಿಯುವುದು.

ಕೃತಕ ಬುದ್ಧಿಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಕಠಿಣವಾದ ಲೆಕ್ಕವನ್ನು ಬಿಡಿಸಿ ತೋರಿಸುವುದಕ್ಕೂ, ಬೇರೆ ಭಾಷೆಯ ಬರಹವನ್ನು ಕನ್ನಡದಲ್ಲಿ ತಿಳಿಸುವುದಕ್ಕೂ, ಕಣ್ಣು ಕಾಣದವರಿಗೆ ಅಚ್ಚಿನ ಪುಟವನ್ನು ಓದಿ ಹೇಳುವುದಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯು ಎಷ್ಟಕ್ಕೆ ಹರಾಜಾಯಿತೆಂಬುದು ದಂಡಿನಶಿವರದ ಮನೆಗೆ ಕ್ಷಣಮಾತ್ರದಲ್ಲಿ ತಿಳಿಯುವುದು ಯಾವ ಮೊಬೈಲು ಫೋನಿನಿಂದಲೋ, ಆ ಫೋನಿನ ಮೂಲಕವೇ ಈ ವಿದ್ಯೆಯೂ ನಮ್ಮ ಅಡಿಗೆಮನೆಯವರೆಗೆ ಬಂದಿದೆ. 2020ರಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಫೋನಿನ ಮೂಲಕ ನಡೆಯಿತಷ್ಟೆ. ಅಂದು ಮಕ್ಕಳ ಕೈಗೆ ಬಂದ ಫೋನು ಅನೇಕ ಮನೆಗಳಲ್ಲಿ ಮತ್ತೆ ದೊಡ್ಡವರ ಕೈಗೆ ಹಿಂದಿರುಗಲಿಲ್ಲ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ.

ಇನ್ನು ಕೇಡಿನ ಸ್ವರೂಪವನ್ನು ನೋಡೋಣ. ಮನುಷ್ಯರ ಕೋಟ್ಯಂತರ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿ, ಮುಖವು ಹೇಗಿರುವುದು, ದೇಹವು ಹೇಗಿರುವುದು, ಬೆಳಕು ಬಿದ್ದಾಗ ಚರ್ಮವು ಹೇಗೆ ಕಾಣುವುದು ಎಂಬುದನ್ನು ಅದಕ್ಕೆ ಅಭ್ಯಾಸ ಮಾಡಿಸುತ್ತಾರೆ. ಹೀಗೆ ಪಳಗಿದ ಯಂತ್ರಕ್ಕೆ ಒಬ್ಬ ಹುಡುಗಿಯ ಮುಖದ ಒಂದೇ ಒಂದು ಚಿತ್ರವನ್ನು ಕೊಟ್ಟರೆ, ಅವಳು ಎಂದೂ ಇರದ ಸ್ಥಳದಲ್ಲಿ, ಎಂದೂ ಇರದ ಸ್ಥಿತಿಯಲ್ಲಿ, ಮೈಮೇಲೆ ಬಟ್ಟೆಯಿಲ್ಲದಂತೆ ಕೂಡ, ಅವಳನ್ನು ಅದು ಬರೆದು ತೋರಿಸಬಲ್ಲುದು. ಚಿತ್ರದಲ್ಲಿರುವ ದೇಹವು ಅವಳದಲ್ಲ. ಮುಖದ ಛಾಯೆ ಮಾತ್ರ ಅವಳದು. ಆದರೆ ನೋಡುವ ಕಣ್ಣಿಗೆ ಈ ಭೇದವು ತಿಳಿಯುವುದಿಲ್ಲ. ಹಿಂದಿನ ಕಾಲದಲ್ಲಿ ಇಂಥ ಮೋಸವನ್ನು ಮಾಡಲು ಚಿತ್ರಕಲೆಯಲ್ಲಿಯೋ ಛಾಯಾಗ್ರಹಣದಲ್ಲಿಯೋ ಕೈಚಳಕ ಬೇಕಾಗಿತ್ತು. ಈಗ ಏನೂ ಬೇಡ. ಒಂದು ಫೋನು, ದುರ್ಬುದ್ಧಿ, ಕೆಲವು ನಿಮಿಷಗಳು ಸಾಕು. ಮುಖದ ಚಿತ್ರವಾದರೋ ಎಲ್ಲಿ ಇಲ್ಲ? ಮದುವೆಯ ಮನೆ, ಊರಿನ ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ವಾಟ್ಸಾಪಿನಲ್ಲಿ ಹೆಸರಿನ ಪಕ್ಕದಲ್ಲಿರುವ ಪುಟ್ಟ ಚಿತ್ರ, ಎಲ್ಲೆಲ್ಲಿಯೂ ಅದು ದೊರೆಯುತ್ತದೆ.

ಇದು ದೂರದ ದೇಶದ ಕಥೆಯಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ವಿರಾಜಪೇಟೆಯ ಮಗಳಾದ ಚಲನಚಿತ್ರ ನಟಿ ರಶ್ಮಿಕಾ ಮಂದಣ್ಣನವರ ಮುಖವನ್ನು ಬೇರೊಬ್ಬ ಸ್ತ್ರೀಯ ಚಲಚ್ಚಿತ್ರಕ್ಕೆ ಅಂಟಿಸಿ ದೇಶದ ತುಂಬ ಹರಡಿದರು. ದೆಹಲಿಯ ಪೊಲೀಸರು ಮೊಕದ್ದಮೆಯನ್ನು ದಾಖಲು ಮಾಡಿ, 2024ರ ಜನವರಿಯಲ್ಲಿ ಆಂಧ್ರಪ್ರದೇಶದಲ್ಲಿ ಒಬ್ಬನನ್ನು ಹಿಡಿದರು. ಆಕೆಯು ಆ ಸಮಯದಲ್ಲಿ ಸಾರ್ವಜನಿಕವಾಗಿ ಬರೆದ ಮಾತಿನ ಸಾರಾಂಶವು ನಮ್ಮನ್ನು ಬಹಳವಾಗಿ ಚಿಂತೆಗೀಡುಮಾಡಿತು: ತನಗೆ ಇಂದು ಕುಟುಂಬದವರ ಮತ್ತು ಸ್ನೇಹಿತರ ಆಸರೆಯಿದೆ, ಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ಓದುತ್ತಿದ್ದಾಗ ಹೀಗಾಗಿದ್ದರೆ ಅದನ್ನು ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಎಂದು. ದೇಶವೇ ಬಲ್ಲ ನಟಿಗೆ ಹೀಗೆ ತೋರಿದ ಮೇಲೆ, ಒಂಬತ್ತನೆಯ ತರಗತಿಯಲ್ಲಿ ಓದುತ್ತ ತೋಟದ ಹಾದಿಯಲ್ಲಿ ಒಬ್ಬಳೇ ಮನೆಗೆ ನಡೆದುಹೋಗುವ ಹುಡುಗಿಯ ಗತಿಯೇನು?

ಶಾಲೆಯ ಮಕ್ಕಳಿಗೇ ಇಂಥದು ಒದಗಿದ ಒಂದು ನಿದರ್ಶನವನ್ನು ಹೇಳುವೆವು. ಸ್ಪೇನ್ ದೇಶದ ತೆಂಕಣ ಭಾಗದಲ್ಲಿ ಅಲ್ಮೆಂಡ್ರಾಲೆಹೋ ಎಂಬ ಊರಿದೆ. ನಮ್ಮ ಸೀಮೆಯು ತೆಂಗನ್ನು ನಂಬಿಕೊಂಡಿರುವಂತೆ ಆ ಸೀಮೆಯು ದ್ರಾಕ್ಷಿಯನ್ನೂ ಆಲಿವ್ ಮರವನ್ನೂ ನಂಬಿಕೊಂಡಿದೆ, ದೊಡ್ಡ ನಗರವೇನಲ್ಲ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಇಪ್ಪತ್ತಕ್ಕೂ ಹೆಚ್ಚು ಬಾಲಿಕೆಯರ ನಗ್ನ ಚಿತ್ರಗಳು ಹುಡುಗರ ಫೋನುಗಳಲ್ಲಿ ಹರಿದಾಡಿದವು. ಆ ಬಾಲಿಕೆಯರ ವಯಸ್ಸು 11ರಿಂದ 17. ಚಿತ್ರಗಳೆಲ್ಲವೂ ಯಂತ್ರದಿಂದ ಮಾಡಿದವು. ಮಾಡಿದವರು ಅವರ ಜೊತೆಯಲ್ಲಿಯೇ ಓದುತ್ತಿದ್ದ ಹುಡುಗರು. ಆಗ ಒಬ್ಬ ಬಾಲಿಕೆಯ ತಾಯಿ ಧೈರ್ಯಮಾಡಿ ಜನರ ಮುಂದೆ ಬಂದು, ಇದರಲ್ಲಿ ನಮ್ಮ ಹೆಣ್ಣುಮಕ್ಕಳ ತಪ್ಪೇನೂ ಇಲ್ಲವೆಂದು ಹೇಳಿದಳು. ಅವಳ ಹಿಂದೆ ಉಳಿದ ತಾಯಂದಿರೂ ಮುಂದೆ ಬಂದರು. ದೂರು ದಾಖಲಾಯಿತು. 2024ರ ಜುಲೈಯಲ್ಲಿ ಬಾಲ ನ್ಯಾಯಾಲಯವು 15 ಮಂದಿ ಹುಡುಗರನ್ನು ತಪ್ಪಿತಸ್ಥರೆಂದು ನಿರ್ಣಯಿಸಿ, ಒಂದು ವರ್ಷಕಾಲ ನಿಗಾವಣೆಯಲ್ಲಿರಿಸಿ, ಸ್ತ್ರೀಪುರುಷ ಸಮಾನತೆಯನ್ನೂ ಯಂತ್ರವಿದ್ಯೆಯ ಸದುಪಯೋಗವನ್ನೂ ಕುರಿತು ಪಾಠ ಕೇಳಬೇಕೆಂದು ವಿಧಿಸಿತು. ತಾಯಂದಿರು ಸುಮ್ಮನಿದ್ದಿದ್ದರೆ ಈ ತೀರ್ಪು ಬರುತ್ತಿತ್ತೆ?

ನಮ್ಮ ದೇಶದಲ್ಲಿ ಶಾಸನವೇ ಇಲ್ಲವೆಂದು ಅನೇಕರು ನಂಬಿರುವರು. ಇದು ಸರಿಯಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಹುಟ್ಟಿದ, ಜನರು ಪೋಕ್ಸೊ ಎಂದು ಕರೆಯುವ ಕಾಯಿದೆಗೆ 2019ರಲ್ಲಿ ಒಂದು ತಿದ್ದುಪಡಿಯಾಯಿತು. ನಿಜವಾದ ಮಗುವಿನಿಂದ ಬೇರ್ಪಡಿಸಿ ಗುರುತಿಸಲಾಗದಂತೆ ಕಂಪ್ಯೂಟರಿನಿಂದ ಮಾಡಿದ ಅಶ್ಲೀಲ ಚಿತ್ರವೂ, ತಿದ್ದಿ ಮಾರ್ಪಡಿಸಿ ಮಗುವನ್ನು ತೋರಿಸುವಂತೆ ಮಾಡಿದ ಚಿತ್ರವೂ ನಿಷಿದ್ಧವೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ‘ಅದು ಅವಳ ನಿಜವಾದ ಚಿತ್ರವಲ್ಲ, ತಮಾಷೆಗೆ ಮಾಡಿದ್ದು’ ಎಂಬ ಸಮಾಧಾನವು ನ್ಯಾಯಾಲಯದಲ್ಲಿ ನಡೆಯದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67-ಬಿ ಪ್ರಕರಣದ ಪ್ರಕಾರ, ಮಕ್ಕಳ ಇಂಥ ಚಿತ್ರವನ್ನು ಮಾಡಿದವನಿಗೂ ಹಂಚಿದವನಿಗೂ ಮೊದಲ ಸಲ 5 ವರ್ಷಗಳವರೆಗೆ ಸೆರೆವಾಸವೂ 10 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಆಗಬಹುದು. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು, ಇಂಥ ಚಿತ್ರಗಳನ್ನು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧದ ವ್ಯಾಪ್ತಿಗೆ ಬರಬಹುದೆಂದು ತೀರ್ಪಿತ್ತಿದೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಬಂದ ಚಿತ್ರವನ್ನು ‘ನೋಡಿದಿರಾ?’ ಎಂದು ಮತ್ತೊಬ್ಬರಿಗೆ ದಾಟಿಸುವ ದೊಡ್ಡವರೂ ಆ ಪಾಪದಲ್ಲಿ ಪಾಲುಗಾರರೇ.

ದೂರು ಕೊಡುವುದೆಂದರೆ ಮಗಳನ್ನು ಠಾಣೆಯ ಮೆಟ್ಟಿಲು ಹತ್ತಿಸಿ ಊರಿಗೆಲ್ಲ ಸಾರುವುದೆಂದು ತಂದೆತಾಯಿಗಳು ಹೆದರುವುದನ್ನು ನಾವು ಬಲ್ಲೆವು. ಆದರೆ ಶಾಸನವು ಈ ಭಯವನ್ನು ಮುಂಚಿತವಾಗಿಯೇ ಕಂಡಿದೆ. ಪೋಕ್ಸೊ ಕಾಯಿದೆಯಂತೆ ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿಯೋ ಅವಳು ಬಯಸಿದ ಸ್ಥಳದಲ್ಲಿಯೋ ಬರೆದುಕೊಳ್ಳತಕ್ಕದ್ದು. ಸಾಧ್ಯವಾದಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಮೆಯಿಲ್ಲದ ಸ್ತ್ರೀ ಅಧಿಕಾರಿಯೇ ಬರೆದುಕೊಳ್ಳತಕ್ಕದ್ದು. ಆಗ ಅವರು ಸಮವಸ್ತ್ರವನ್ನು ಧರಿಸಿರಕೂಡದು. ತಂದೆತಾಯಿಗಳು ಅಥವಾ ಮಗುವು ನಂಬುವ ಬೇರೊಬ್ಬರು ಜೊತೆಯಲ್ಲಿರತಕ್ಕದ್ದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ನಿಲ್ಲಿಸಿಕೊಳ್ಳಕೂಡದು. ವಿಚಾರಣೆಯು ಜನರ ಮುಂದೆ ನಡೆಯದೆ ಮುಚ್ಚಿದ ಬಾಗಿಲಿನೊಳಗೆ ನಡೆಯತಕ್ಕದ್ದು. ಮಗುವಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಗುರುತು ಸಿಕ್ಕುವ ಬೇರೆ ವಿವರವನ್ನಾಗಲಿ ಪತ್ರಿಕೆಗಳು ಪ್ರಕಟಿಸಕೂಡದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ದಂಡಪ್ರಕ್ರಿಯೆಯ ಪ್ರಕಾರ, ಅಪರಾಧವು ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು. ತುರುವೇಕೆರೆಯಲ್ಲಿ ಕೊಡಲು ಸಂಕೋಚವಾದವರು ತಿಪಟೂರಿನಲ್ಲಿ ಕೊಡಬಹುದು.

ಚಿತ್ರವನ್ನು ಹರಡುವ ಜಾಲಗಳವರಿಗೂ ಕರ್ತವ್ಯಗಳುಂಟು. 2021ರ ನಿಯಮಗಳಂತೆ, ತನ್ನ ನಗ್ನ ಚಿತ್ರವೋ ಕೃತಕವಾಗಿ ತಿದ್ದಿದ ಚಿತ್ರವೋ ಪ್ರಕಟವಾಗಿದೆಯೆಂದು ನೊಂದವರು ದೂರಿದ 24 ಗಂಟೆಗಳೊಳಗಾಗಿ ಅದನ್ನು ತೆಗೆಯಬೇಕಾಗಿತ್ತು. 2026ರ ಫೆಬ್ರವರಿಯಲ್ಲಿ ಈ ಗಡುವನ್ನು 2 ಗಂಟೆಗಳಿಗೆ ಇಳಿಸಿ, ಯಂತ್ರದಿಂದ ಹುಟ್ಟಿದ ಚಿತ್ರಗಳಿಗೆ ಹಾಗೆಂದು ಗುರುತು ಹಾಕಬೇಕೆಂದೂ ಭಾರತ ಸರ್ಕಾರದವರು ವಿಧಿಸಿದರು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ತಂದೆತಾಯಿಗಳ ಅನುಮತಿಯಿಲ್ಲದೆ ಅವರ ವಿವರಗಳನ್ನು ಉಪಯೋಗಿಸಕೂಡದೆಂದೂ, ಅವರ ನಡೆಯನ್ನು ಬೆನ್ನಟ್ಟಿ ಜಾಹೀರಾತುಗಳನ್ನು ತೋರಿಸಕೂಡದೆಂದೂ ಹೇಳುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿ ನಡೆದ ಕಂಪನಿಗೆ 200 ಕೋಟಿ ರೂಪಾಯಿಗಳವರೆಗೆ ದಂಡ ಬೀಳಬಹುದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕರ್ತವ್ಯಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಅವಕಾಶವನ್ನು ಕೊಟ್ಟಿದ್ದಾರೆ.

ಇಷ್ಟಿದ್ದರೂ ಒಂದು ಕೊರತೆಯನ್ನು ನಾವು ಕಾಣುತ್ತೇವೆ. ಮೇಲೆ ಹೇಳಿದ ದಂಡನೆಗಳೆಲ್ಲವೂ ಕೇಡು ನಡೆದ ಮೇಲೆ ಬರತಕ್ಕವು. ಕೇಡಿನ ಯಂತ್ರವನ್ನು ಮಾಡಿ ಲೋಕಕ್ಕೆ ಬಿಡುವವನು, ಬಿಡುವುದಕ್ಕೆ ಮುಂಚೆ ಯಾರಿಗೆ ಲೆಕ್ಕ ಕೊಡಬೇಕು? ತೆಂಗಿನ ತೋಟವುಳ್ಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿಗೆ ನುಸಿ ಬಿದ್ದರೆ ಹಾಕುವ ಕೀಟನಾಶಕವನ್ನು ಸರ್ಕಾರದಲ್ಲಿ ನೋಂದಾಯಿಸದೆ ತಯಾರಿಸಲಾಗದು. ಪರವಾನಗಿಯಿಲ್ಲದೆ ಅಂಗಡಿಯಲ್ಲಿ ಮಾರಲಾಗದು. 1968ರ ಕೀಟನಾಶಕ ಕಾಯಿದೆಯು ಇದನ್ನು ವಿಧಿಸಿದೆ. ಮರಕ್ಕೆ ಹಾಕುವ ಮದ್ದಿಗೆ ಇಷ್ಟು ಎಚ್ಚರಿಕೆ ಬೇಕಾದರೆ, ಮಕ್ಕಳ ಮಾನಕ್ಕೆ ತಗಲುವ ವಿಷಕ್ಕೆ ಬೇಡವೆ? 2026ರ ಜನವರಿಯಲ್ಲಿ ‘ಎಕ್ಸ್’ ಎಂಬ ಜಾಲದವರ ‘ಗ್ರೋಕ್’ ಎಂಬ ಯಂತ್ರವು, ಕೇಳಿದವರಿಗೆಲ್ಲ ಸ್ತ್ರೀಯರ ಚಿತ್ರಗಳಿಂದ ಬಟ್ಟೆಯನ್ನು ಕಳಚಿ ತೋರಿಸುತ್ತಿದೆಯೆಂದು ಲೋಕದಲ್ಲೆಲ್ಲ ಕೂಗೆದ್ದಿತು. ಭಾರತ ಸರ್ಕಾರದವರು ಆ ಕಂಪನಿಗೆ ನೋಟೀಸನ್ನು ಕೊಟ್ಟರು. ಕೂಗೆದ್ದ ಮೇಲೆ ನೋಟೀಸು ಕೊಡುವುದು ಒಳ್ಳೆಯದೇ. ಕೂಗೇಳದಂತೆ ಮೊದಲೇ ಕಟ್ಟುಪಾಡು ಮಾಡುವುದು ಅದಕ್ಕಿಂತ ಒಳ್ಳೆಯದು.

ಮಕ್ಕಳೊಡನೆ ಸ್ನೇಹಿತರಂತೆ ಮಾತನಾಡುವ ಯಂತ್ರಗಳ ವಿಷಯದಲ್ಲಿಯೂ ಹೀಗೆಯೇ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ 14 ವರ್ಷದ ಬಾಲಕನೊಬ್ಬನು ಇಂಥ ಯಂತ್ರದೊಡನೆ ತಿಂಗಳುಗಟ್ಟಲೆ ಸಂಭಾಷಣೆಯಲ್ಲಿ ಮುಳುಗಿದ್ದು, 2024ರ ಫೆಬ್ರವರಿಯಲ್ಲಿ ಪ್ರಾಣವನ್ನು ಕಳೆದುಕೊಂಡನು. ಅವನ ತಾಯಿಯು ಆ ಕಂಪನಿಯ ಮೇಲೆ ದಾವೆ ಹೂಡಿದಳು. ಕ್ಯಾಲಿಫೋರ್ನಿಯಾ ಪ್ರಾಂತದವರು 2025ರಲ್ಲಿ ಒಂದು ಶಾಸನವನ್ನು ಮಾಡಿ, ಎದುರಿಗೆ ಮಾತನಾಡುತ್ತಿರುವುದು ಮನುಷ್ಯನಲ್ಲ ಯಂತ್ರವೆಂದು ಮಕ್ಕಳಿಗೆ ತಿಳಿಸಬೇಕೆಂದೂ, ಮೂರು ಗಂಟೆಗೊಮ್ಮೆ ವಿರಾಮವನ್ನು ನೆನಪಿಸಬೇಕೆಂದೂ, ಆತ್ಮಹತ್ಯೆಯ ಮಾತು ಬಂದಾಗ ಸಹಾಯದ ದಾರಿಯನ್ನು ತೋರಿಸಬೇಕೆಂದೂ ವಿಧಿಸಿದರು. ಯುರೋಪಿನ ಒಕ್ಕೂಟದವರು, ವಯಸ್ಸಿನ ದೌರ್ಬಲ್ಯವನ್ನು ಬಳಸಿಕೊಂಡು ಮಕ್ಕಳಿಗೆ ತೀವ್ರವಾದ ಕೇಡು ಮಾಡುವ ಯಂತ್ರಗಳನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿರುವರು. ಇವುಗಳಲ್ಲಿ ಹೊಣೆಯು ಮಗುವಿನ ಮೇಲಿಲ್ಲ, ಯಂತ್ರವನ್ನು ಮಾಡಿದವರ ಮೇಲಿದೆ ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ದೇಶದಲ್ಲಿಯೂ ಇಂಥ ಶಾಸನವು ಆಗಬೇಕೆಂದು ನಾವು ಬಯಸುತ್ತೇವೆ.

ಹೊಸ ಕೇಡಿಗೆ ಹೊಸ ಶಾಸನವನ್ನು ಮಾಡಲು ಮೈಸೂರು ಸೀಮೆಯವರು ಎಂದೂ ಹಿಂಜರಿದವರಲ್ಲ. 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯುವ ರೆಗ್ಯುಲೇಷನ್ನನ್ನು ಮಾಡಿತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು. 50 ವರ್ಷ ಮೀರಿದ ಗಂಡಸು 14 ವರ್ಷ ತುಂಬದ ಹುಡುಗಿಯನ್ನು ಮದುವೆಯಾಗಕೂಡದು ಎಂದು ವಿಧಿಸಿತು. ಇದು ಮನೆಯ ವಿಷಯ, ಧರ್ಮದ ವಿಷಯ, ಸರ್ಕಾರವು ಕೈಹಾಕಕೂಡದೆಂದು ಆಕ್ಷೇಪಿಸಿದವರು ಉಂಟು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆಯು ಆದುದು 1929ರಲ್ಲಿ. ಎಂಟು ವರ್ಷವೆಂಬ ಮಿತಿಯನ್ನು ಇಂದು ಓದಿದರೆ ನಮಗೆ ನಡುಕ ಬರುವುದು ಸಹಜ. ಆದರೆ ಆ ಮೊದಲ ಮೆಟ್ಟಿಲಿಲ್ಲದೆ ಮುಂದಿನ ಮೆಟ್ಟಿಲುಗಳಿಲ್ಲ. ದೇಶದ ಕಾಯಿದೆಯಲ್ಲಿ ಹೆಣ್ಣಿನ ವಯಸ್ಸು 14 ಎಂದಿದ್ದುದು 15 ಆಗಿ, 1978ರಲ್ಲಿ 18ಕ್ಕೆ ಏರಿತು; ಈಗಿರುವುದು 2006ರ ಕಾಯಿದೆ. ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ಶಾಸನವು ಅಪೂರ್ಣವಾಗಿದ್ದರೂ ಬಾಲಿಕೆಯು ಕಾಲೂರಿ ನಿಲ್ಲಲು ಒಂದಿಷ್ಟು ನೆಲವನ್ನು ಕೊಡುತ್ತದೆ ಎಂಬುದೊಂದು. ಮನೆಯವರ ಮನಸ್ಸು ಬದಲಾಗದಿದ್ದರೆ ನೂರು ವರ್ಷಗಳಾದರೂ ಶಾಸನವನ್ನು ಕಣ್ಣು ತಪ್ಪಿಸಿ ಮದುವೆಗಳು ನಡೆಯುತ್ತಲೇ ಇರುವುವು ಎಂಬುದು ಮತ್ತೊಂದು.

ಈ ಎರಡನೆಯ ಪಾಠವೇ ನಮ್ಮ ಲೇಖನದ ಮುಖ್ಯ ವಿಷಯ. ಸುಳ್ಳು ಚಿತ್ರವನ್ನು ಮಾಡಿದ ದುಷ್ಟನು ಹುಡುಗಿಗೆ ಏನೆಂದು ಬೆದರಿಸುತ್ತಾನೆ? ‘ಹಣ ಕೊಡು, ಇಲ್ಲವೆ ಹೇಳಿದಂತೆ ಕೇಳು, ಕೇಳದಿದ್ದರೆ ನಿಮ್ಮ ಅಪ್ಪನಿಗೆ ಕಳುಹಿಸುತ್ತೇನೆ’ ಎನ್ನುತ್ತಾನೆ. ಪೊಲೀಸರಿಗೆ ಕಳುಹಿಸುತ್ತೇನೆಂದು ಯಾರೂ ಹೆದರಿಸುವುದಿಲ್ಲ. ಅವನ ಕೈಯಲ್ಲಿರುವ ಆಯುಧವು ಯಂತ್ರವಲ್ಲ. ತಂದೆಯ ಕೋಪದ ಭಯ, ತಾಯಿಯ ಕಣ್ಣೀರಿನ ಭಯ, ಶಾಲೆ ಬಿಡಿಸುವರೆಂಬ ಭಯ. ಅಪರಿಚಿತನಿಗಿಂತ ಹೆಚ್ಚಾಗಿ ಮಗಳು ಮನೆಯವರಿಗೆ ಹೆದರುವಳಾದರೆ, ದುಷ್ಟನು ಅರ್ಧ ಗೆದ್ದಂತೆಯೇ. ‘ಅಪ್ಪನಿಗೆ ನಾನೇ ಹೇಳಿದ್ದೇನೆ’ ಎಂದು ಅವಳು ಉತ್ತರ ಕೊಡಬಲ್ಲಳಾದರೆ, ಅವನ ಬೆದರಿಕೆಯು ಆ ಕ್ಷಣದಲ್ಲಿಯೇ ಬೂದಿಯಾಗುವುದು. ಈ ಉತ್ತರವನ್ನು ಯಾವ ಪಾರ್ಲಿಮೆಂಟೂ ಅವಳ ಬಾಯಿಗೆ ಕೊಡಲಾರದು. ತಂದೆತಾಯಿಗಳು ಕೊಡಬೇಕು.

ಆದರೆ ನಡೆಯುವುದೇನು? ಇಂಥ ಸುದ್ದಿಯು ಕಿವಿಗೆ ಬಿದ್ದೊಡನೆ ಮೊದಲು ಫೋನನ್ನು ಕಿತ್ತುಕೊಳ್ಳುವರು. ಆಮೇಲೆ ಶಾಲೆಯನ್ನು ಬಿಡಿಸುವರು. ಆಮೇಲೆ ನೆಂಟರಲ್ಲಿ ಗಂಡು ಹುಡುಕಿ ಬೇಗನೆ ಮದುವೆ ಮಾಡಿಬಿಡುವ ಯೋಚನೆ. ತಪ್ಪು ಮಾಡಿದ ಹುಡುಗನು ಎಂದಿನಂತೆ ಶಾಲೆಗೆ ಹೋಗುವನು. ತಪ್ಪು ಮಾಡದ ಹುಡುಗಿಯು ಮನೆಯೊಳಗೆ ಸೆರೆಯಾಗುವಳು. 18 ವರ್ಷ ತುಂಬದ ಹುಡುಗಿಯ ಮದುವೆಯೇ ಒಂದು ಅಪರಾಧ. ಮಾಡಿಸಿದವರಿಗೆ 2 ವರ್ಷಗಳವರೆಗೆ ಕಠಿಣ ಸಜೆಯಾಗಬಹುದು. ಮಾನವನ್ನು ಉಳಿಸಿಕೊಳ್ಳುವೆವೆಂದು ಹೊರಟವರು ಮಗಳ ವಿದ್ಯೆಯನ್ನೂ ಬಾಳನ್ನೂ ಕಳೆದು ತಾವೂ ಅಪರಾಧಿಗಳಾಗುವರು. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು?

ಹೆಣ್ಣುಮಕ್ಕಳ ಚಿತ್ರವನ್ನು ಎಲ್ಲಿಯೂ ತೆಗೆಯಕೂಡದು, ಅವರಿಗೆ ಫೋನನ್ನು ಮುಟ್ಟಿಸಲೇಕೂಡದು, ಆಗ ಯಾವ ತೊಂದರೆಯೂ ಇಲ್ಲ ಎಂದು ಹೇಳುವ ಪೋಷಕರಿರುವರು. ಅವರ ಕಳವಳವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಚಿಕ್ಕ ಮಕ್ಕಳ ಕೈಗೆ ಹೊತ್ತುಗೊತ್ತಿಲ್ಲದೆ ಫೋನನ್ನು ಕೊಡಬಾರದು. ಶಾಲೆಯವರು ಮಕ್ಕಳ ಚಿತ್ರಗಳನ್ನು ಕಂಡಕಂಡ ಕಡೆಯಲ್ಲಿ ಹಾಕಬಾರದು. ಆಸ್ಟ್ರೇಲಿಯಾ ದೇಶದವರು 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದವರು ಸಾಮಾಜಿಕ ಜಾಲಗಳಲ್ಲಿ ಖಾತೆಯನ್ನು ಹೊಂದಕೂಡದೆಂದು ವಿಧಿಸಿರುವುದೂ ಇದೇ ಕಳವಳದಿಂದ. ಅಲ್ಲಿ ಕೂಡ ದಂಡವು ಜಾಲದ ಕಂಪನಿಗಳಿಗೆ, ಮಕ್ಕಳಿಗಲ್ಲ, ತಂದೆತಾಯಿಗಳಿಗಲ್ಲ. ಆದರೆ ಹೆಣ್ಣನ್ನು ಬಚ್ಚಿಡುವುದೇ ರಕ್ಷಣೆಯೆಂಬ ಮಾತನ್ನು ನಾವು ಒಪ್ಪಲಾರೆವು. ಹೆಣ್ಣು ಅಕ್ಷರ ಕಲಿತರೆ ಕಂಡವರಿಗೆ ಕಾಗದ ಬರೆಯುವಳೆಂದು ಹೇಳಿ ಅವಳನ್ನು ಶಾಲೆಯಿಂದ ದೂರವಿಟ್ಟ ಕಾಲವೊಂದಿತ್ತು. ಆ ಮಾತನ್ನು ಕೇಳಿ ಸುಮ್ಮನಾಗಿದ್ದರೆ ನಮ್ಮಂಥ ಬಾಲಿಕಾ ಪಾಠಶಾಲೆಗಳು ಈ ನಾಡಿನಲ್ಲಿ ಏಳುತ್ತಿರಲಿಲ್ಲ. ಈ ಪುಟವನ್ನು ಓದುವ ಅನೇಕ ತಾಯಂದಿರು ಓದಲು ಶಕ್ತರಾಗುತ್ತಿರಲಿಲ್ಲ. ಇದಲ್ಲದೆ, ಸುಳ್ಳು ಚಿತ್ರವನ್ನು ಮಾಡಲು ಹುಡುಗಿಯ ಬಳಿ ಫೋನು ಇರಬೇಕೆಂದೇನೂ ಇಲ್ಲ. ಮಾಡುವವನ ಬಳಿ ಇದ್ದರೆ ಸಾಕು. ಅವಳ ಫೋನನ್ನು ಕಿತ್ತುಕೊಂಡರೆ ಕಡಮೆಯಾಗುವುದು ಕೇಡಲ್ಲ, ಸಹಾಯವನ್ನು ಕರೆಯುವ ಅವಳ ದಾರಿ.

ಗಂಡುಮಕ್ಕಳ ತಾಯಂದಿರಿಗೂ ಒಂದು ಮಾತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅವರು ಬಹುಮಂದಿ. ಸ್ಪೇನಿನ ಆ ಊರಿನಲ್ಲಿ ತಪ್ಪು ಮಾಡಿದವರು ದರೋಡೆಗಾರರಲ್ಲ, ನೆರೆಮನೆಯ ಹುಡುಗರು. ನಮ್ಮಲ್ಲಿಯೂ 18 ವರ್ಷ ತುಂಬದ ಹುಡುಗನು ಇಂಥ ಅಪರಾಧವನ್ನು ಮಾಡಿದರೆ 2015ರ ಬಾಲನ್ಯಾಯ ಕಾಯಿದೆಯಂತೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುವುದು. ಆ ಕಾಯಿದೆಯ ಉದ್ದೇಶವು ಅವನನ್ನು ತಿದ್ದುವುದೇ ಹೊರತು ಹಾಳುಮಾಡುವುದಲ್ಲ. ಅದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ತಿದ್ದುವ ಕೆಲಸವು ಮಂಡಳಿಯಲ್ಲಿ ಮೊದಲಾಗಬೇಕೆ, ಮನೆಯಲ್ಲಿ ಮೊದಲಾಗಬೇಕೆ? ‘ಹುಡುಗರು ಹಾಗೆಯೇ’ ಎಂದು ನಕ್ಕುಬಿಡುವ ತಾಯಿಯು ಪರರ ಮಗಳಿಗೆ ಮಾತ್ರವಲ್ಲ, ತನ್ನ ಮಗನಿಗೂ ದ್ರೋಹ ಬಗೆಯುತ್ತಾಳೆ.

ಇನ್ನು, ಕೇಡು ಒದಗಿದಾಗ ಮಾಡಬೇಕಾದುದೇನು? ಮೊದಲನೆಯದಾಗಿ, ಮಗಳ ಮಾತನ್ನು ಪೂರ್ತಿಯಾಗಿ ಕೇಳಿರಿ. ‘ನೀನೇಕೆ ಚಿತ್ರ ತೆಗೆಸಿಕೊಂಡೆ’ ಎಂಬ ಪ್ರಶ್ನೆಯನ್ನು ಬಾಯಿಂದ ಹೊರಡಿಸಬೇಡಿರಿ. ಎರಡನೆಯದಾಗಿ, ಬೆದರಿಸುವವನಿಗೆ ಹಣವನ್ನು ಕೊಡಬೇಡಿರಿ. ಒಮ್ಮೆ ಕೊಟ್ಟವರನ್ನು ಅವನು ಬಿಡುವುದಿಲ್ಲ. ಮೂರನೆಯದಾಗಿ, ಸಾಕ್ಷಿಗೆಂದು ಕೂಡ ಆ ಚಿತ್ರವನ್ನು ಮತ್ತೊಬ್ಬರಿಗೆ ಕಳುಹಿಸಬೇಡಿರಿ. ಬಂದ ನಂಬರು, ಖಾತೆಯ ಹೆಸರು, ದಿನಾಂಕ, ಹೊತ್ತು ಇವುಗಳನ್ನು ಬರೆದಿಟ್ಟುಕೊಂಡು, ಫೋನಿನಲ್ಲಿರುವುದನ್ನು ಇದ್ದಂತೆಯೇ ಪೊಲೀಸರಿಗೆ ತೋರಿಸಿರಿ. ನಾಲ್ಕನೆಯದಾಗಿ, ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ಸೈಬರ್ ಅಪರಾಧದ ಸಹಾಯವಾಣಿಯ ಸಂಖ್ಯೆ 1930. ಇವೆರಡನ್ನೂ ಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮಕ್ಕಳ ಇಂಥ ಚಿತ್ರಗಳ ವಿಷಯವನ್ನು ಹೆಸರು ಹೇಳದೆಯೇ ತಿಳಿಸುವ ಅನುಕೂಲವಿದೆ. ತಂದೆತಾಯಿಗಳಿಗೆ ಹೇಳಲು ಇನ್ನೂ ಧೈರ್ಯ ಬಾರದ ಹುಡುಗಿಗೂ ಒಂದು ಮಾತು: ನೀನು ನಂಬುವ ಉಪಾಧ್ಯಾಯಿನಿಗೆ ಹೇಳು. ಮಕ್ಕಳ ಮೇಲಿನ ಇಂಥ ಅಪರಾಧವು ತಿಳಿದ ಮೇಲೆ ಅದನ್ನು ಅಧಿಕಾರಿಗಳಿಗೆ ತಿಳಿಸದೆ ಮುಚ್ಚಿಡುವುದೇ ಪೋಕ್ಸೊ ಕಾಯಿದೆಯಲ್ಲಿ ಶಿಕ್ಷಾರ್ಹವಾದುದು. ಆದ್ದರಿಂದ ಶಾಲೆಯ ಗೌರವಕ್ಕೆ ಕುಂದು ಬರುವುದೆಂದು ಸುಮ್ಮನಿರುವ ಹಕ್ಕು ಯಾವ ಮುಖ್ಯೋಪಾಧ್ಯಾಯಿನಿಗೂ ಇಲ್ಲ.

ನಮ್ಮ ಪಾಠಶಾಲೆಯ ನಿಲುವನ್ನೂ ಇಲ್ಲಿ ಸ್ಪಷ್ಟಪಡಿಸುವುದು ನ್ಯಾಯ. ಇಂಥ ಕಾರಣದಿಂದ ಯಾವ ಬಾಲಿಕೆಯ ಹೆಸರನ್ನೂ ನಾವು ಹಾಜರಿ ಪುಸ್ತಕದಿಂದ ಹೊಡೆದುಹಾಕುವುದಿಲ್ಲ. ನೊಂದವಳನ್ನು ಬೇರೆ ಶಾಲೆಗೆ ಕಳುಹಿಸಿರೆಂದು ಯಾವ ಪೋಷಕರಿಗೂ ಸೂಚಿಸುವುದಿಲ್ಲ. ಅವಳು ಬರೆಯಬೇಕಾದ ಪರೀಕ್ಷೆಯನ್ನು ಅವಳು ಬರೆಯುವಳು. ಕುಳಿತುಕೊಳ್ಳಬೇಕಾದ ಬೆಂಚಿನ ಮೇಲೆ ಅವಳು ಕುಳಿತುಕೊಳ್ಳುವಳು. ತಲೆ ತಗ್ಗಿಸಬೇಕಾದವರು ಬೇರೆ ಇರುವರು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರಾಗಿರುವಿರಿ, ಕೆಲವರು ದಾದಿಯರಾಗಿರುವಿರಿ, ಕೆಲವರು ಗ್ರಾಮ ಪಂಚಾಯಿತಿಗಳಲ್ಲಿ ಸದಸ್ಯೆಯರಾಗಿರುವಿರಿ, ಬಹುಮಂದಿ ಮನೆಯನ್ನೂ ತೋಟವನ್ನೂ ನಡೆಸುತ್ತಿರುವಿರಿ. ಶಾಸನವನ್ನು ಮಾಡಬೇಕೆಂದು ಸರ್ಕಾರವನ್ನು ಕೇಳುವ ಹಕ್ಕು ನಿಮಗುಂಟು. ಓಟು ಕೇಳಲು ಬಂದವರನ್ನು, ಯಂತ್ರ ಮಾಡುವವರಿಗೆ ಹೊಣೆ ಹೊರಿಸುವ ಶಾಸನಕ್ಕೆ ನೀವೇನು ಮಾಡುವಿರೆಂದು ಕೇಳಿರಿ. ಆದರೆ ಆ ಶಾಸನವು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದು ನಿಮ್ಮ ಕೈಯಲ್ಲಿಯೇ ಇದೆ. ಈ ದಿನ ಸಾಯಂಕಾಲ ಮಗಳು ಮನೆಗೆ ಬಂದಾಗ, ಏನೂ ನಡೆಯದಿರುವಾಗಲೇ, ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿರಿ: ‘ನಿನ್ನ ಹೆಸರಿನಲ್ಲಿ ಯಾರು ಏನನ್ನೇ ಮಾಡಿ ತೋರಿಸಲಿ, ಮೊದಲು ನನಗೆ ಹೇಳು. ನಾನು ನಿನ್ನನ್ನು ಬೈಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ, ನಿನ್ನ ಜೊತೆಯಲ್ಲಿ ಬರುತ್ತೇನೆ.’ ತಂದೆಯೂ ಈ ಮಾತನ್ನು ಹೇಳಿದರೆ ಇನ್ನೂ ಒಳ್ಳೆಯದು. ಈ ಮಾತನ್ನು ಮೊದಲೇ ಕೇಳಿದ ಮಗಳು, ಬೆದರಿಕೆಯು ಬಂದ ದಿನ ಯಾರ ಬಳಿಗೆ ಹೋಗಬೇಕೆಂಬುದನ್ನು ಬಲ್ಲವಳಾಗಿರುವಳು.